ಹುಬ್ಬುಗಂಟು ಬಿಚ್ಚುವ ಸೂಜಿ

ಮದುವೆಯ ಸಿದ್ಧತೆಯೆಂದರೆ ಜವಳಿ, ಒಡವೆ, ಕಲ್ಯಾಣ ಮಂಟಪ, ಅಡಿಗೆಯವರಿಗೆ ಮುಂಗಡ ಎಂಬಷ್ಟಕ್ಕೆ ಮುಗಿಯುತ್ತಿದ್ದ ಕಾಲ ಹಿಂದಾಯಿತು. ಇಂದು ನಗರಗಳ ಅನುಕೂಲಸ್ಥ ಮನೆಗಳಲ್ಲಿ ಆ ಪಟ್ಟಿಗೆ ಹೊಸದೊಂದು ಖರ್ಚು ಸೇರಿಕೊಂಡಿದೆ: ಮುಖದ ಸುಕ್ಕನ್ನು ಸಡಿಲಿಸುವ ಚುಚ್ಚುಮದ್ದು. ವಧುವಿಗೆ ಮಾತ್ರವಲ್ಲದೆ ವಧುವಿನ ತಾಯಿಗೂ, ಬೀಗಿತ್ತಿಗೂ, ಕೆಲವೆಡೆ ಮದುವಣಿಗನಿಗೂ ಅದು ಬೇಕೆನಿಸಿದೆ. ಬೊಟಾಕ್ಸ್ ಎಂಬುದು ಒಂದು ಕಂಪನಿಯ ಮಾರಾಟದ ಹೆಸರಾದರೂ, ಜನರ ಬಾಯಲ್ಲಿ ಆ ಬಗೆಯ ಎಲ್ಲ ಔಷಧಗಳಿಗೂ ಅದೇ ಹೆಸರು ನಿಂತುಬಿಟ್ಟಿದೆ. ಅದನ್ನು ಮಾರುವವರ ಫಲಕಗಳ ಮಾತುಗಳು ಹೆಚ್ಚುಕಡಿಮೆ ಒಂದೇ: ಹತ್ತು ನಿಮಿಷದ ಕೆಲಸ, ನೋವಿಲ್ಲ, ಅಡ್ಡಪರಿಣಾಮವಿಲ್ಲ, ಹತ್ತು ವರ್ಷ ಚಿಕ್ಕವರಾಗಿ ಮನೆಗೆ ಮರಳಿರಿ. ಈ ನಾಲ್ಕು ಮಾತುಗಳಲ್ಲಿ ಮೊದಲನೆಯದು ನಿಜ. ಎರಡನೆಯದು ಅರೆನಿಜ. ಉಳಿದೆರಡು ಶುದ್ಧ ಸುಳ್ಳು.

ಚುಚ್ಚುವ ವಸ್ತು ಯಾವುದೆಂಬುದನ್ನು ಮೊದಲು ಅರಿಯಬೇಕು. ಏಕೆಂದರೆ ಫಲಕಗಳಲ್ಲಿ ಅದೊಂದನ್ನೇ ಬರೆದಿರುವುದಿಲ್ಲ. ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಸೂಕ್ಷ್ಮಾಣುಜೀವಿ ಗಾಳಿಯಾಡದ ಎಡೆಯಲ್ಲಿ ಬೆಳೆದು ಒಂದು ವಿಷವನ್ನು ಉತ್ಪಾದಿಸುತ್ತದೆ. ಲೋಕಕ್ಕೆ ತಿಳಿದಿರುವ ವಿಷಗಳಲ್ಲಿ ಅತ್ಯಂತ ಪ್ರಬಲವಾದುದೆಂದು ವಿಜ್ಞಾನಿಗಳು ಎಣಿಸುವುದು ಅದನ್ನೇ. ಜರ್ಮನಿಯಲ್ಲಿ ವೈದ್ಯನೂ ಕವಿಯೂ ಆಗಿದ್ದ ಯುಸ್ಟಿನುಸ್ ಕೆರ್ನರ್ ಎಂಬಾತ 1820ರ ಸುಮಾರಿಗೆ, ಕೆಟ್ಟ ಸಾಸೇಜು ತಿಂದು ನರಳಿದವರ ಲಕ್ಷಣಗಳನ್ನು ವಿವರವಾಗಿ ಬರೆದಿಟ್ಟನು. ಕಣ್ಣಿನ ರೆಪ್ಪೆ ಜೋಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟ ನಿಲ್ಲುವುದು. ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ಬೊಟುಲುಸ್ ಎಂದು ಹೆಸರು. ಬೊಟಾಕ್ಸ್ ಎಂಬ ಪದದ ಮೂಲ ಅಲ್ಲಿದೆ. 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಶವಸಂಸ್ಕಾರಕ್ಕೆ ಬಂದು ಉಪ್ಪುಹಾಕಿದ ಹಂದಿಮಾಂಸ ತಿಂದ ವಾದ್ಯಗಾರರಲ್ಲಿ ಮೂವರು ಸತ್ತಾಗ, ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಈ ಸೂಕ್ಷ್ಮಾಣುವನ್ನು ಗುರುತಿಸಿದನು. (ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದೆಂದು ಮಕ್ಕಳ ವೈದ್ಯರು ಹೇಳುವುದೂ ಇದೇ ಸೂಕ್ಷ್ಮಾಣುವಿನ ಬೀಜಕಗಳು ಜೇನಿನಲ್ಲಿರಬಹುದೆಂಬ ಕಾರಣಕ್ಕೆ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಹಚ್ಚುವ ರೂಢಿಯುಳ್ಳ ಮನೆಗಳವರು ಇದನ್ನು ನೆನಪಿಡಬೇಕು.)

ವಿಷವೆಂದ ಮಾತ್ರಕ್ಕೆ ಬೆಚ್ಚಬೇಕಾಗಿಲ್ಲ. ಸೀಸೆಯೊಂದರಲ್ಲಿ ಇರುವ ವಿಷದ ಪ್ರಮಾಣ ನ್ಯಾನೋಗ್ರಾಂಗಳ ಲೆಕ್ಕದ್ದು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿ ಭಾಗಗಳಲ್ಲಿ ಒಂದು. ಅಷ್ಟು ಅಲ್ಪ ಪ್ರಮಾಣದಲ್ಲಿ, ಬೇಕಾದ ಸ್ನಾಯುವಿಗೆ ಮಾತ್ರ ಕೊಟ್ಟರೆ ಅದು ಔಷಧವಾಗುತ್ತದೆ ಎಂಬುದನ್ನು ಸಾಧಿಸಿ ತೋರಿದವರು ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಅಲನ್ ಸ್ಕಾಟ್. ಮೆಳ್ಳೆಗಣ್ಣಿಗೂ, ತಾನಾಗಿಯೇ ಬಿಗಿದು ಮುಚ್ಚಿಕೊಳ್ಳುವ ರೆಪ್ಪೆಗಳ ರೋಗಕ್ಕೂ ಈ ಔಷಧವನ್ನು ಬಳಸಲು ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆ 1989ರಲ್ಲಿ ಒಪ್ಪಿಗೆ ಕೊಟ್ಟಿತು. ಇಂದು ಕತ್ತು ತಿರುಚಿಕೊಳ್ಳುವ ಕಾಯಿಲೆ, ಲಕ್ವ ಹೊಡೆದ ಮೇಲೆ ಸೆಟೆದುಕೊಂಡ ಕೈಕಾಲು, ಮೆದುಳಿನ ಪಾರ್ಶ್ವವಾಯುವಿನಿಂದ ನರಳುವ ಮಕ್ಕಳ ಬಿಗಿದ ಕಾಲು, ತಿಂಗಳಲ್ಲಿ ಅರ್ಧ ದಿನ ಕಾಡುವ ಅರೆತಲೆನೋವು, ಇವೆಲ್ಲಕ್ಕೂ ಇದು ನೆರವಾಗುತ್ತಿದೆ. ಇಂಥ ಔಷಧವನ್ನು ನಿಂದಿಸುವುದು ಕೃತಘ್ನತೆ. ಮುಖದ ಕಡೆಗೆ ಅದು ಹೊರಳಿದ್ದು ಕೆನಡಾದ ವ್ಯಾಂಕೂವರ್ ನಗರದಲ್ಲಿ. ಅಲ್ಲಿ ರೆಪ್ಪೆಯ ರೋಗಕ್ಕೆ ಚಿಕಿತ್ಸೆ ನೀಡುತ್ತಿದ್ದ ನೇತ್ರವೈದ್ಯೆ ಜೀನ್ ಕ್ಯಾರುಥರ್ಸ್ 1987ರಲ್ಲಿ, ಔಷಧ ಪಡೆದ ರೋಗಿಯ ಹುಬ್ಬುಗಂಟು ಸಡಿಲಗೊಂಡುದನ್ನು ಗಮನಿಸಿ, ಚರ್ಮರೋಗ ತಜ್ಞರಾದ ತಮ್ಮ ಪತಿ ಅಲಸ್ಟೇರ್ ಅವರಿಗೆ ತಿಳಿಸಿದರು. 1992ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. 2002ರಲ್ಲಿ ಹುಬ್ಬುಗಳ ನಡುವಿನ ಗೆರೆಗಾಗಿ ಅಮೆರಿಕೆಯಲ್ಲಿ ಒಪ್ಪಿಗೆ ಸಿಕ್ಕಿತು. 2013ರಲ್ಲಿ ಕಣ್ಣಂಚಿನ ಗೆರೆಗಳಿಗೂ, 2017ರಲ್ಲಿ ಹಣೆಯ ಗೆರೆಗಳಿಗೂ.

ಹೀಗೆ ರೋಗಿಗಾಗಿ ಹುಟ್ಟಿದ ಔಷಧವು ನಿರೋಗಿಯ ಮನೆಬಾಗಿಲಿಗೆ ಬಂದಿತು. ವಾದ ಮಾಡಬೇಕಾದ ಸ್ಥಳ ಇದು. ಕಾಲು ಸೆಟೆದ ಮಗುವಿಗೆ ಔಷಧ ಕೊಡುವ ವೈದ್ಯನು ರೋಗದ ಸಂಕಟವನ್ನೂ ಔಷಧದ ಅಪಾಯವನ್ನೂ ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಆರೋಗ್ಯವಂತಳಾದ ಗೃಹಿಣಿಯ ಹಣೆಗೆ ಅದನ್ನೇ ಚುಚ್ಚುವಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ರೋಗವೆಂಬುದೇ ಇಲ್ಲ. ಅವಳ ಇಚ್ಛೆಯೊಂದೇ ಇದೆ. ಆದಕಾರಣ ತಿಳಿಸಿ ಹೇಳುವ ಹೊಣೆ ಇಲ್ಲಿ ಇಮ್ಮಡಿಯಾಗಬೇಕಾಗಿತ್ತು. ಆದುದು ವಿಪರೀತ. ರೋಗಿಗೆ ಎರಡು ಪುಟದ ಒಪ್ಪಿಗೆಪತ್ರ ಓದಿಸುವ ಲೋಕವು ನಿರೋಗಿಗೆ ರಿಯಾಯಿತಿ ಕೂಪನ್ನು ಕೊಟ್ಟು ಕಳಿಸುತ್ತಿದೆ.

ಈ ಔಷಧ ಮಾಡುವ ಕೆಲಸವನ್ನು ಕನ್ನಡದ ಒಂದು ಪದವೇ ಅಚ್ಚುಕಟ್ಟಾಗಿ ಹೇಳುತ್ತದೆ. ಸಿಟ್ಟು ಬಂದಾಗ, ಬಿಸಿಲು ಕಣ್ಣಿಗೆ ಹೊಡೆದಾಗ, ಸಣ್ಣಕ್ಷರ ಓದುವಾಗ ಹುಬ್ಬುಗಳೆರಡೂ ಒಳಸರಿದು ನಡುವೆ ಗಂಟು ಬೀಳುತ್ತದೆ. ಹುಬ್ಬುಗಂಟಿಕ್ಕುವುದು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಆ ಗಂಟನ್ನು ಕಟ್ಟುವುದು ಚರ್ಮವಲ್ಲ, ಅದರಡಿಯ ಪುಟ್ಟ ಸ್ನಾಯುಗಳು. ಬಿಗಿಯೆಂದು ನರವು ಸ್ನಾಯುವಿಗೆ ಆಜ್ಞೆ ಕೊಡುವುದು ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸುರಿಸುವುದರ ಮೂಲಕ. ಔಷಧವು ನರದ ತುದಿಯನ್ನು ಹೊಕ್ಕು ಆ ಸುರಿತವನ್ನು ತಡೆಯುತ್ತದೆ. ಆಜ್ಞೆ ತಲುಪದ ಸ್ನಾಯು ಸಡಿಲವಾಗುತ್ತದೆ. ಮೇಲಿನ ಚರ್ಮದ ಮಡಿಕೆ ಬಿಚ್ಚಿಕೊಳ್ಳುತ್ತದೆ. ಇಷ್ಟೇ. ಚರ್ಮವು ಹೊಸದಾಗುವುದಿಲ್ಲ, ರಕ್ತವು ಶುದ್ಧಿಯಾಗುವುದಿಲ್ಲ, ವಯಸ್ಸು ಒಂದು ದಿನವೂ ಹಿಂದೆ ಸರಿಯುವುದಿಲ್ಲ. ಮುಖ ಬಿಗಿದಾಗ ಮಾತ್ರ ಮೂಡುವ ಗೆರೆಗೆ ಇದು ಚೆನ್ನಾಗಿ ಒದಗುತ್ತದೆ. ಸುಮ್ಮನೆ ಕುಳಿತಾಗಲೂ ಅಚ್ಚೊತ್ತಿದಂತೆ ಕಾಣುವ ಆಳದ ಗೆರೆ ಸ್ವಲ್ಪ ಮಾಸಬಹುದು, ಅಳಿಯುವುದಿಲ್ಲ. ಜೋತ ಗಲ್ಲಕ್ಕೆ, ಬಿಸಿಲಿನ ಕಲೆಗೆ, ಬಾಯಿಯ ಇಕ್ಕೆಲದ ಆಳದ ಮಡಿಕೆಗೆ ಇದರಿಂದ ಪ್ರಯೋಜನವಿಲ್ಲ. ಅಂಥಲ್ಲಿ ತುಂಬುವ ಫಿಲ್ಲರ್ ಎಂಬುದು ಬೇರೆಯೇ ವಸ್ತು. ಅದು ತಪ್ಪಿ ರಕ್ತನಾಳಕ್ಕೆ ಹೊಕ್ಕರೆ ದೃಷ್ಟಿಯೇ ಹೋದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಒಂದೇ ಪ್ಯಾಕೇಜಿನಲ್ಲಿ ಮಾರುವ ಜಾಣತನಕ್ಕೆ ಮೋಸವೆಂದಲ್ಲದೆ ಬೇರೆ ಹೆಸರಿಲ್ಲ.

ಇನ್ನು ದಿನಗಳ ಲೆಕ್ಕ. ಚುಚ್ಚಿದ ಗಳಿಗೆಯಲ್ಲಿ ಏನೂ ಕಾಣದು. ಎರಡು ಮೂರು ದಿನಗಳಲ್ಲಿ ಸಡಿಲಿಕೆ ತೊಡಗಿ, ಒಂದೆರಡು ವಾರಗಳಲ್ಲಿ ಪೂರ್ಣವಾಗುತ್ತದೆ. ದೇವರ ಕಾರ್ಯದ ಹಿಂದಿನ ದಿನ ಹೋಗಿ ಚುಚ್ಚಿಸಿಕೊಂಡವರಿಗೆ ಮರುದಿನ ಕಾಣುವುದು ಸೂಜಿಯ ಗುರುತು, ಹೆಚ್ಚೆಂದರೆ ನೀಲಿಗಟ್ಟಿದ ಕಲೆ. ಮೂರು ನಾಲ್ಕು ತಿಂಗಳಿಗೆ ನರವು ಚೇತರಿಸಿಕೊಂಡು ಮತ್ತೆ ಆಜ್ಞೆ ಕೊಡತೊಡಗುತ್ತದೆ, ಗಂಟು ಮರಳುತ್ತದೆ. ಬಿಟ್ಟರೆ ಮುಖ ಮೊದಲಿಗಿಂತ ಹಾಳಾಗುತ್ತದೆಂಬ ಅಂಜಿಕೆಗೆ ಆಧಾರವಿಲ್ಲ, ಇದ್ದಂತೆಯೇ ಆಗುತ್ತದೆ. ಈ ಅಂಜಿಕೆಯನ್ನು ಅಲ್ಲಗಳೆಯದೆ ಸುಮ್ಮನಿದ್ದು ಲಾಭ ಮಾಡಿಕೊಳ್ಳುವವರೂ ಇದ್ದಾರೆ. ಬೊಟಾಕ್ಸ್‌ನ ಅಮೆರಿಕೆಯ ಅಧಿಕೃತ ಸೂಚನೆಯಂತೆ ಹುಬ್ಬುಗಳ ನಡುವೆ ಐದು ಕಡೆ ಒಟ್ಟು 20 ಯೂನಿಟ್, ಹಣೆಗೆ ಐದು ಕಡೆ 20, ಎರಡೂ ಕಣ್ಣಂಚುಗಳಿಗೆ ಆರು ಕಡೆ 24. ಮೂರನ್ನೂ ಮಾಡಿಸಿದರೆ ಹದಿನಾರು ಚುಚ್ಚು, 64 ಯೂನಿಟ್. ವರ್ಷಕ್ಕೆ ಮೂರು ಬಾರಿಯೆಂದು ಹಿಡಿದರೂ ಹತ್ತು ವರ್ಷಕ್ಕೆ ಮೂವತ್ತು ಬಾರಿ, ನಾನೂರ ಎಂಬತ್ತು ಚುಚ್ಚು. ಫಲಕದಲ್ಲಿ ಬರೆದಿರುವುದು ಒಂದು ಬಾರಿಯ ಬೆಲೆ. ಕೊಳ್ಳುವವರು ನಿಜವಾಗಿ ಒಪ್ಪಿಕೊಳ್ಳುತ್ತಿರುವುದು ಒಂದು ಕಂತಿನ ಸಾಲವನ್ನು. ಮನೆಯ ಆದಾಯ ಬಲ್ಲವರು ಮೂವತ್ತರಿಂದ ಗುಣಿಸಿ ನೋಡಲಿ. ಒಂದು ಕಂಪನಿಯ ಯೂನಿಟ್ ಇನ್ನೊಂದರ ಯೂನಿಟ್ಟಿಗೆ ಸಮನಲ್ಲವೆಂಬುದೂ ತಿಳಿದಿರಬೇಕು. ಅಗ್ಗವೆಂದು ತೋರುವ ಲೆಕ್ಕದಲ್ಲಿ ಅಳತೆಗೋಲೇ ಬದಲಾಗಿರಬಹುದು.

ಅಡ್ಡಪರಿಣಾಮವಿಲ್ಲವೆಂಬ ಮಾತಿಗೆ ಬರೋಣ. ನಿಪುಣರ ಕೈಯಲ್ಲಿ, ಅಸಲಿ ಔಷಧದಿಂದ, ಸರಿಯಾದ ಪ್ರಮಾಣದಲ್ಲಿ ಮಾಡಿದಾಗ ಬಹುಪಾಲು ಜನರಿಗೆ ತಲೆನೋವು, ಚುಚ್ಚಿದಲ್ಲಿ ಊತ, ನೀಲಿಗಟ್ಟುವಿಕೆಗಿಂತ ಹೆಚ್ಚಿನದು ಆಗುವುದಿಲ್ಲ. ಇದು ಸತ್ಯ, ಮರೆಮಾಚಬೇಕಾದುದಲ್ಲ. ಆದರೆ ಹುಬ್ಬುಗಂಟಿನ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕ ಪರೀಕ್ಷೆಗಳಲ್ಲಿಯೇ ನೂರರಲ್ಲಿ ಸುಮಾರು ಮೂವರಿಗೆ ಕಣ್ಣಿನ ರೆಪ್ಪೆ ಜೋತುಬಿದ್ದಿತು. ಔಷಧ ಒಂದಿಷ್ಟು ಕೆಳಗೆ ಜಾರಿದರೆ ಸಾಕು, ರೆಪ್ಪೆಯನ್ನೆತ್ತುವ ಸ್ನಾಯುವೂ ಸಡಿಲವಾಗುತ್ತದೆ. ಅದು ತಾನಾಗಿ ಸರಿಹೋಗುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು. ಆ ವಾರಗಳೊಳಗೆ ಮಗಳ ಧಾರೆ ಬಿದ್ದರೆ ತಾಯಿ ಅರೆಗಣ್ಣಿನಲ್ಲಿಯೇ ನಿಲ್ಲಬೇಕು. ಹಣೆಗೆ ಹೆಚ್ಚು ಸುರಿದರೆ ಹುಬ್ಬೇ ಕುಸಿದು ಕಣ್ಣು ಭಾರವಾಗುತ್ತದೆ. ಔಷಧವು ಚುಚ್ಚಿದ ಜಾಗವನ್ನು ಮೀರಿ ಹರಡಿ ನುಂಗುವಿಕೆಗೂ ಉಸಿರಾಟಕ್ಕೂ ತೊಂದರೆಯಾಗಬಹುದೆಂಬ ಎಚ್ಚರಿಕೆಯನ್ನು ಚೌಕಟ್ಟಿನೊಳಗೆ ಎದ್ದುಕಾಣುವಂತೆ ಮುದ್ರಿಸಬೇಕೆಂದು ಅಮೆರಿಕೆಯ ನಿಯಂತ್ರಣ ಸಂಸ್ಥೆ 2009ರಲ್ಲಿ ಎಲ್ಲ ಕಂಪನಿಗಳಿಗೂ ಆದೇಶಿಸಿತು. ಸೌಂದರ್ಯಕ್ಕೆಂದು ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಅದು ಅತ್ಯಂತ ವಿರಳ. ವಿರಳವಾದುದನ್ನು ಇಲ್ಲವೆನ್ನುವುದು ಮಾತ್ರ ವೈದ್ಯನ ಭಾಷೆಯಲ್ಲ. ಮಯಸ್ತೀನಿಯಾ ಗ್ರಾವಿಸ್‌ನಂಥ ನರಸ್ನಾಯುಗಳ ದೌರ್ಬಲ್ಯವುಳ್ಳವರಿಗೆ ಈ ಔಷಧ ವಿಶೇಷ ಅಪಾಯಕಾರಿ. ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು ದೂರವಿರಬೇಕು. ಕೂಪನ್ನು ಕೊಡುವವರು ಇದನ್ನು ಕೇಳುತ್ತಾರೆಯೆ?

ನಿಜವಾದ ಅಪಾಯ ಸೂಜಿ ಯಾರ ಕೈಯಲ್ಲಿದೆ, ಸೀಸೆಯಲ್ಲಿ ಏನಿದೆ ಎಂಬಲ್ಲಿದೆ. 2004ರಲ್ಲಿ ಅಮೆರಿಕೆಯ ಫ್ಲಾರಿಡಾದಲ್ಲಿ, ಮನುಷ್ಯರಿಗೆ ಬಳಸಲು ಒಪ್ಪಿಗೆಯೇ ಇಲ್ಲದ, ಪ್ರಯೋಗಾಲಯಕ್ಕೆಂದು ತಯಾರಾದ ತೀವ್ರ ವಿಷವನ್ನು ಸುಕ್ಕಿಗೆಂದು ಚುಚ್ಚಲಾಯಿತು. ನಾಲ್ವರು ಪಾರ್ಶ್ವವಾಯುವಿಗೆ ತುತ್ತಾಗಿ ಕೃತಕ ಉಸಿರಾಟದ ಯಂತ್ರದ ಮೇಲೆ ಮಲಗಿದರು; ಅವರಲ್ಲಿ ಚುಚ್ಚಿದಾತನೂ ಒಬ್ಬ. 2024ರ ಏಪ್ರಿಲ್ ವೇಳೆಗೆ ಅದೇ ದೇಶದ 11 ರಾಜ್ಯಗಳಲ್ಲಿ 22 ಮಂದಿ, ನಕಲಿ ಇಲ್ಲವೆ ಸರಿಯಾಗಿ ನಿರ್ವಹಿಸದ ಚುಚ್ಚುಮದ್ದಿನಿಂದ ತೊಂದರೆಗೊಳಗಾದುದಾಗಿ ಅಲ್ಲಿನ ಆರೋಗ್ಯ ಇಲಾಖೆ ವರದಿ ಮಾಡಿತು. ಅವರೆಲ್ಲರೂ ಚುಚ್ಚಿಸಿಕೊಂಡದ್ದು ಪರವಾನಗಿಯಿಲ್ಲದವರಿಂದ, ತರಬೇತಿಯಿಲ್ಲದವರಿಂದ, ಇಲ್ಲವೆ ಮನೆ, ಸ್ಪಾಗಳಂಥ ಚಿಕಿತ್ಸಾಲಯವಲ್ಲದ ಸ್ಥಳಗಳಲ್ಲಿ. 2025ರ ಜೂನ್, ಜುಲೈ ತಿಂಗಳುಗಳಲ್ಲಿ ಇಂಗ್ಲೆಂಡಿನಲ್ಲಿ 38 ಜನರಿಗೆ ಇದೇ ಗತಿಯಾಯಿತು. ಕಾನೂನು ಬಿಗಿಯಾಗಿರುವ ದೇಶಗಳ ಮಾತಿದು. ನಮ್ಮಲ್ಲಿಯೂ ಇದು ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡತಕ್ಕ ಔಷಧ. ಹುಬ್ಬು ತಿದ್ದುವ ಕುರ್ಚಿಯಲ್ಲಿ ಕೂರಿಸಿ, ಹುಬ್ಬು ತಿದ್ದುವ ಕೈಯಿಂದಲೇ ಇದನ್ನು ಚುಚ್ಚಿದರೆ ಅದು ಅಪರಾಧವೇ ಹೊರತು ಸೇವೆಯಲ್ಲ. ಪಾರ್ಲರಿನ ಹೆಣ್ಣುಮಗಳನ್ನು ಹಳಿಯುವ ಮಾತಲ್ಲ ಇದು. ಅವಳ ಕಾಯಕಕ್ಕೆ ಅದರದೇ ಗೌರವವಿದೆ. ಎರಡು ದಿನದ ತರಬೇತಿಯ ಪ್ರಮಾಣಪತ್ರ ಮಾರಿ ಅವಳ ಕೈಗೆ ಸೂಜಿ ಕೊಟ್ಟವರನ್ನು ಹಿಡಿದು ಕೇಳಬೇಕು.

ಇದಕ್ಕಿಂತಲೂ ಹೇಯವಾದುದು ಸುಕ್ಕೇ ಇಲ್ಲದವರಿಗೆ ಸುಕ್ಕಿನ ಭಯವನ್ನು ಮಾರುವುದು. ಇಪ್ಪತ್ತು ಇಪ್ಪತ್ತೈದರ ತರುಣಿಯರಿಗೆ, ಮುಂದೆ ಗೆರೆ ಬೀಳದಂತೆ ಈಗಲೇ ತಡೆಯಿರಿ ಎಂದು ಉಪದೇಶಿಸುವುದು ಒಂದು ವ್ಯಾಪಾರವಾಗಿ ಬೆಳೆದಿದೆ. ಸಿಡುಬು, ಪೋಲಿಯೋಗಳಿಗೆ ಮುನ್ನೆಚ್ಚರಿಕೆಯ ಲಸಿಕೆಯುಂಟು. ನಕ್ಕಾಗ ಕಣ್ಣಂಚಿನಲ್ಲಿ ಮೂಡುವ ಗೆರೆಗೂ ಮುನ್ನೆಚ್ಚರಿಕೆಯೆಂದರೆ ನಗುವೂ ಒಂದು ರೋಗವೆಂದಾಯಿತು. ಐವತ್ತರಲ್ಲಿ ಆರಂಭಿಸಬೇಕಾದ ಕಂತನ್ನು ಇಪ್ಪತ್ತೈದರಲ್ಲಿ ಆರಂಭಿಸಿದರೆ ಇಪ್ಪತ್ತೈದು ವರ್ಷಗಳ ಹೆಚ್ಚುವರಿ ಗಿರಾಕಿ ಸಿಕ್ಕಂತೆ. ಈ ಉಪದೇಶದ ಒಳಗುಟ್ಟು ಅಷ್ಟೇ. ಇಂಗ್ಲೆಂಡಿನಲ್ಲಿ ಹದಿನೆಂಟು ತುಂಬದವರಿಗೆ ಸೌಂದರ್ಯಕ್ಕೆಂದು ಇದನ್ನು ಚುಚ್ಚುವುದನ್ನು 2021ರ ಅಕ್ಟೋಬರ್ 1ರಿಂದ ಕಾನೂನಿನಿಂದಲೇ ನಿಷೇಧಿಸಬೇಕಾಗಿ ಬಂದಿತೆಂದರೆ, ಅದಕ್ಕೆ ಮುನ್ನ ಮಕ್ಕಳ ಮುಖಗಳಿಗೂ ಸೂಜಿ ತಲುಪಿತ್ತೆಂದೇ ಅರ್ಥ.

ಮಾರುವವರನ್ನು ಹೇಳಿದ ಮೇಲೆ ಬೈಯುವವರನ್ನೂ ಹೇಳದೆ ಬಿಡಲಾಗದು. ಯಾವಳೋ ಒಬ್ಬ ತಾಯಿ ಹಣೆಗೆ ಚುಚ್ಚಿಸಿಕೊಂಡಳೆಂದು ತಿಳಿದೊಡನೆ, ಮುಪ್ಪಿನಲ್ಲಿ ಇವಳಿಗೇಕೆ ಬೆಡಗು ಎಂದು ಜರೆದು, ಅದಕ್ಕೆ ವಚನದ ಆಧಾರವನ್ನೂ ಎಳೆತರುವವರಿದ್ದಾರೆ. ಮುಪ್ಪಿನ ಗುರುತುಗಳನ್ನು ಒಂದೊಂದಾಗಿ ಹೆಸರಿಸಿ, ಅವು ಮೈಗೆ ಬರುವ ಮುನ್ನವೇ ಪೂಜೆಗೆ ತೊಡಗೆಂದು ಎಚ್ಚರಿಸುವ ಬಸವಣ್ಣನವರ ವಚನವೊಂದು ಭಕ್ತರೆಲ್ಲರಿಗೂ ಬಾಯಿಪಾಠ. ಅದನ್ನು ನಿಧಾನವಾಗಿ ಓದಿದರೆ, ಅಲ್ಲಿ ಸುಕ್ಕು ಕಾಲದ ಗಂಟೆಯಾಗಿ ಬಂದಿದೆಯೇ ಹೊರತು ನಾಚಿಕೆಯ ಗುರುತಾಗಿ ಬಂದಿಲ್ಲ, ಖಂಡನೆಯೇನಿದ್ದರೂ ತಡಮಾಡುವವನಿಗೆ. ಸುಕ್ಕನ್ನು ಮುಚ್ಚಿದವಳನ್ನು ಚುಚ್ಚಲು ಆ ವಚನವನ್ನು ಬಳಸುವವರು ಕೂದಲಿಗೆ ಕಪ್ಪು ಹಚ್ಚಿಕೊಂಡೇ ಆ ಮಾತನ್ನಾಡುತ್ತಿರುತ್ತಾರೆ. ಹೆಣ್ಣಿನ ಮುಖದ ಗೆರೆಯನ್ನು ಎಣಿಸುವ ಬೀಗರು, ಮಗ್ಗುಲ ಮನೆಯವರು, ಮದುವೆಯ ಫೋಟೋ ನೋಡಿ ವಯಸ್ಸಾಯಿತಲ್ಲ ಎನ್ನುವ ನಾದಿನಿಯರು, ಇವರೆಲ್ಲ ಸೇರಿ ಅವಳನ್ನು ಆ ಕುರ್ಚಿಗೆ ದಬ್ಬಿದ ಮೇಲೆ, ಕುರ್ಚಿಯಲ್ಲಿ ಕೂತಳೆಂದು ಬೈಯುವುದು ಯಾವ ನ್ಯಾಯ? ತಿಳಿದು, ಲೆಕ್ಕ ಹಾಕಿ, ತಕ್ಕ ವೈದ್ಯರ ಬಳಿ ಹೋದವಳು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ತಿಳಿಯದೆ ಹೋದವಳು ಮೋಸಹೋದವಳು. ಅವಳಿಗೆ ಸಲ್ಲಬೇಕಾದುದು ತಿಳಿವಳಿಕೆ.

ಸುಕ್ಕಿನ ಬಗೆಗೆ ನಿಜವಾದ ಕಾಳಜಿಯುಳ್ಳವರು ಹೇಳಬೇಕಾದ, ಆದರೆ ಮಾರಾಟಕ್ಕೆ ಬಾರದ್ದರಿಂದ ಯಾರೂ ಹೇಳದ ಸಂಗತಿಯೊಂದಿದೆ. ಚರ್ಮವನ್ನು ಅಕಾಲದಲ್ಲಿ ಮುದಿಯಾಗಿಸುವುದರಲ್ಲಿ ಬಿಸಿಲಿಗೆ ಮೊದಲ ಸ್ಥಾನ, ತಂಬಾಕಿನ ಹೊಗೆಗೂ ದೊಡ್ಡ ಪಾಲು. 2012ರಲ್ಲಿ ಅಮೆರಿಕೆಯ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ, 28 ವರ್ಷ ಸರಕು ವಾಹನ ನಡೆಸಿದ 69 ವಯಸ್ಸಿನ ಚಾಲಕನೊಬ್ಬನ ಚಿತ್ರ ಪ್ರಕಟವಾಯಿತು. ಕಿಟಕಿಯ ಕಡೆಯ ಎಡಗೆನ್ನೆ ಉತ್ತ ನೆಲದಂತೆ ಸಾಲುಬಿದ್ದಿತ್ತು. ಬಲಗೆನ್ನೆ ಅದಕ್ಕಿಂತ ಎಷ್ಟೋ ಚಿಕ್ಕ ಪ್ರಾಯದವನದೆಂಬಂತಿತ್ತು. ಮನುಷ್ಯನೊಬ್ಬನೇ, ವಯಸ್ಸೊಂದೇ, ಗಾಜಿನ ಮೂಲಕ ಬಿದ್ದ ಬಿಸಿಲು ಮಾತ್ರ ಒಂದು ಮಗ್ಗುಲಿನದು. ಹೊಲಕ್ಕೆ ಹೋಗುವ ತಾಯಂದಿರು ತಲೆಯ ಮೇಲೆ ಎಳೆದುಕೊಳ್ಳುವ ಸೆರಗು, ಉತ್ತರದ ಜಿಲ್ಲೆಗಳ ರೈತರು ಸುತ್ತುವ ಪಟಗ, ಸೂಜಿಗಿಂತ ಮೊದಲು ಕೆಲಸ ಮಾಡುತ್ತವೆ. ಪೇಟೆಯವರಿಗೆ ಕೊಡೆ, ಬಿಸಿಲು ತಡೆಯುವ ಮುಲಾಮು ಉಂಟು.

ಇಷ್ಟಾದ ಮೇಲೂ ಮಾಡಿಸಿಕೊಳ್ಳಲೇಬೇಕೆಂದು ನಿಶ್ಚಯಿಸಿದ ಭಕ್ತರು ಚರ್ಮರೋಗ ತಜ್ಞರ ಬಳಿಗೋ, ಸುರೂಪಿಕಾ ಶಸ್ತ್ರವೈದ್ಯರ ಬಳಿಗೋ ಹೋಗಬೇಕು; ಶುಭಕಾರ್ಯಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಹೋಗಬೇಕು. ಬಲ್ಲ ವೈದ್ಯರು ಮೊದಲು ಸೂಜಿ ಹಿಡಿಯುವುದಿಲ್ಲ. ಮುಖವನ್ನು ಬಿಗಿಸಿ, ಸಡಿಲಿಸಿ ತೋರಿಸಲು ಹೇಳುತ್ತಾರೆ. ಇರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆಗಳನ್ನು ಕೇಳುತ್ತಾರೆ. ಈ ಗೆರೆ ಹೋಗುತ್ತದೆ, ಈ ಗೆರೆ ಹೋಗದು ಎಂದು ಕನ್ನಡಿ ಕೊಟ್ಟು ವಿವರಿಸುತ್ತಾರೆ. ನಿಮಗಿದು ಬೇಡವೆಂದು ಹೇಳಿ ಹಿಂದಕ್ಕೆ ಕಳಿಸಿಯೂ ಕಳಿಸುತ್ತಾರೆ. ಮುಚ್ಚಿದ ಸೀಸೆಯನ್ನು ಕಣ್ಣಮುಂದೆ ತೆರೆಯಿರೆಂದು ಕೇಳುವುದಕ್ಕೆ ಸಂಕೋಚಪಡಬಾರದು. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಎಷ್ಟು ಯೂನಿಟ್ ಎಂಬುದು ಚೀಟಿಯಲ್ಲಿರಬೇಕು. ಸಾಮಾನ್ಯವಾಗಿ ಶೀತಪೆಟ್ಟಿಗೆಯಲ್ಲಿಡಬೇಕಾದ ಔಷಧ ಯಾರದೋ ಕೈಚೀಲದಿಂದ ಹೊರಬಂದರೆ ಎದ್ದು ಬರುವುದೇ ಲೇಸು. ಚುಚ್ಚಿದ ದಿನ ಆ ಜಾಗವನ್ನು ತಿಕ್ಕಬಾರದೆಂದು ಹೇಳುತ್ತಾರೆ. ಹಣೆಗೆ ಮೂರು ಬೆರಳುಗಳಿಂದ ವಿಭೂತಿಯನ್ನು ಒತ್ತಿ ಎಳೆಯುವ ರೂಢಿಯವರು ಮುಂಜಾನೆಯ ಪೂಜೆ ಮುಗಿಸಿಯೇ ಹೊರಟು, ಅಂದಿನ ಸಂಜೆ ಹಗುರವಾಗಿ ಧರಿಸಿದರೆ ಸಾಕು. ಆಮೇಲಿನ ಗಂಟೆಗಳಲ್ಲಾಗಲಿ, ದಿನಗಳಲ್ಲಾಗಲಿ, ವಾರಗಳಲ್ಲಾಗಲಿ ನೋಟ ಎರಡೆರಡಾದರೆ, ಮಾತು ತೊದಲಿದರೆ, ನೀರು ನುಂಗಲು ಕಷ್ಟವಾದರೆ, ಉಸಿರು ಸಿಕ್ಕಿದಂತಾದರೆ ಚುಚ್ಚಿದವರಿಗೆ ಫೋನು ಮಾಡುತ್ತ ಕೂರದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಂಥ ದಿನ ಇಂಥ ಚುಚ್ಚುಮದ್ದು ಪಡೆದೆವೆಂದು ಆ ಚೀಟಿ ತೋರಿಸಬೇಕು. ಈ ವಿಷಕ್ಕೆ ಪ್ರತಿವಿಷವಿದೆ. ಬೇಗ ಕೊಟ್ಟಷ್ಟೂ ಅದು ಕೆಲಸ ಮಾಡುತ್ತದೆ.